ಅಣ್ಣ ಗಲ್ಫಿಂದ ತಂದ ಜಿನ್ಸೆಂಗ್ ಅಪ್ಪನಿಗೆ ಕೊಡಬಹುದಾ ಡಾಕ್ಟ್ರೇ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ರ ಅಡಿಕೆ ತೋಟ. ಅಪ್ಪನಿಗೆ 71 ವರ್ಷ. ಸುಮಾರು ಒಂದು ವರ್ಷದಿಂದ ಮರೆವು ಜಾಸ್ತಿ, ಹೇಳಿದ್ದನ್ನೇ ಹೇಳ್ತಾರೆ, ತೋಟದ ಕಡೆ ಹೋಗುದೂ ಬಿಟ್ಟಿದ್ದಾರೆ, ಜಗಲಿಯಲ್ಲಿ ಸುಮ್ನೆ ಕೂತಿರ್ತಾರೆ. ಷುಗರಿಗೆ ಮೆಟ್‌ಫಾರ್ಮಿನ್ ಮತ್ತೆ ಗ್ಲಿಮಿಪಿರೈಡ್, ಎದೆಬಡಿತ ಏರುಪೇರು ಅಂತ ವಾರ್ಫರಿನ್, ರಾತ್ರಿ ನಿದ್ದೆಗೆ ಒಂದು ಮಾತ್ರೆ ಉಂಟು. ಶಾರ್ಜಾದಲ್ಲಿರುವ ಅಣ್ಣ ಕೊರಿಯನ್ ರೆಡ್ ಜಿನ್ಸೆಂಗಿನ ಒಂದು ಜಾರು ತಂದು, ಮೆದುಳಿಗೆ ಒಳ್ಳೇದು, ಮೂಡ್ ಸರಿ ಆಗ್ತದೆ, ದಿನಕ್ಕೆ ಮೂರು ಚಮಚ ಕೊಡಿ ಅಂತ ಹೇಳಿ ಹೋಗಿದ್ದಾನೆ. ಕೊಡ್ಲಿಕ್ಕೆ ಶುರು ಮಾಡಿ ಹತ್ತು ದಿನ ಆಯ್ತು. ಅತ್ತಿಗೆ ಹೇಳುದು ಅದಕ್ಕಿಂತ ಅಶ್ವಗಂಧವೇ ಒಳ್ಳೇದು, ಅದು ನಮ್ಮ ದೇಶದ್ದೇ ಜಿನ್ಸೆಂಗ್ ಅಂತ. ನನಗೂ ಬ್ಯಾಂಕ್ ಕೆಲಸದಲ್ಲಿ ತಲೆ ಓಡುದಿಲ್ಲ, ಮನಸ್ಸೂ ಅಷ್ಟಕ್ಕಷ್ಟೆ. ವಯಸ್ಸು 36, ಬೇರೆ ಮದ್ದೇನೂ ಇಲ್ಲ. ನಾನು ತಗೊಳ್ಬಹುದಾ? ಜಿನ್ಸೆಂಗ್ ಚಹಾದ ಪ್ಯಾಕೆಟ್ಟುಗಳೂ ಉಂಟು, ಅದನ್ನಾದ್ರೂ ಕುಡಿಬಹುದಾ?

ಉತ್ತರ: ಮೊದಲು ಅರ್ಜೆಂಟ್ ವಿಷಯ ಹೇಳಿಬಿಡ್ತೇನೆ. ಅಪ್ಪನಿಗೆ ಆ ಜಾರಿನದ್ದು ಇವತ್ತಿಂದ ಕೊಡ್ಬೇಡಿ. ಗಾಬರಿ ಆಗುವಂಥದ್ದು ಎಂತದೂ ಆಗಿರ್ಲಿಕ್ಕಿಲ್ಲ, ಆದ್ರೂ ಒಂದೆರಡು ದಿನದೊಳಗೆ ಐಎನ್‌ಆರ್ ಟೆಸ್ಟ್ (ರಕ್ತ ಹೆಪ್ಪುಗಟ್ಟಲಿಕ್ಕೆ ಎಷ್ಟು ಹೊತ್ತು ತಗೊಳ್ತದೆ ಅಂತ ನೋಡುವ ಪರೀಕ್ಷೆ) ಮಾಡಿಸಿ, ವಾರ್ಫರಿನ್ ಬರೆದುಕೊಟ್ಟ ಡಾಕ್ಟರಿಗೆ "ಹತ್ತು ದಿನ ಜಿನ್ಸೆಂಗ್ ಕೊಟ್ಟಿದ್ದೆವು, ಈಗ ನಿಲ್ಲಿಸಿದ್ದೇವೆ" ಅಂತ ಬಾಯಿಬಿಟ್ಟು ಹೇಳಿ. ನಿಲ್ಲಿಸಿದ ಮೇಲೂ ಲೆಕ್ಕ ಬದಲಾಗುವ ಸಾಧ್ಯತೆ ಉಂಟು, ಹಾಗಾಗಿ ಇನ್ನೊಮ್ಮೆ ಯಾವಾಗ ನೋಡ್ಬೇಕು ಅಂತ ಅವರ ಹತ್ರವೇ ಕೇಳಿ. ನಮ್ಮ ಕಡೆ ಜನ ಡಾಕ್ಟರ ಹತ್ರ ಹೋದಾಗ ಮಾತ್ರೆಗಳ ಹೆಸರು ಮಾತ್ರ ಹೇಳುದು, ಕಷಾಯ, ಲೇಹ್ಯ, ಗಲ್ಫಿಂದ ಬಂದ ಡಬ್ಬಿ ಇದೆಲ್ಲ "ಮದ್ದಲ್ಲ ಅಲ್ವಾ" ಅಂತ ಬಿಟ್ಟುಬಿಡುದು. ತೊಂದರೆ ಶುರುವಾಗುದೇ ಅಲ್ಲಿ.

ವಾರ್ಫರಿನ್ ಅಂದ್ರೆ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ಮದ್ದು. ಎದೆಬಡಿತದ ತೊಂದರೆಗೆ ಕೊಡುವಾಗ ಸಾಮಾನ್ಯವಾಗಿ ಐಎನ್‌ಆರ್ 2ರಿಂದ 3ರ ಒಳಗೆ ಇರ್ಬೇಕು. ಕಮ್ಮಿ ಆದ್ರೆ ಗಡ್ಡೆ ಕಟ್ಟಿ ಸ್ಟ್ರೋಕ್, ಜಾಸ್ತಿ ಆದ್ರೆ ರಕ್ತಸ್ರಾವ. 1997ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಕೇಸ್ ಬಂದಿತ್ತು. ಹಾರ್ಟಿಗೆ ಕೃತಕ ವಾಲ್ವ್ ಹಾಕಿಸಿಕೊಂಡ 47 ವರ್ಷದ ಒಬ್ಬರು ಜಿನ್ಸೆಂಗ್ ಶುರು ಮಾಡಿದ್ರು, 3.1 ಇದ್ದ ಐಎನ್‌ಆರ್ 1.5ಕ್ಕೆ ಇಳಿಯಿತು, ಜಿನ್ಸೆಂಗ್ ಬಿಟ್ಟ ಮೇಲೆ ಪುನಃ 3.3ಕ್ಕೆ ಬಂತು. 2004ರಲ್ಲಿ ಆರೋಗ್ಯವಂತರ ಮೇಲೆ ಮಾಡಿದ ಪ್ರಯೋಗದಲ್ಲಿಯೂ ಅಮೆರಿಕನ್ ಜಿನ್ಸೆಂಗ್ ವಾರ್ಫರಿನ್ನಿನ ಪವರ್ ತಗ್ಗಿಸಿದ್ದು ಕಂಡಿತು. ಕೊರಿಯನ್ ಜಿನ್ಸೆಂಗಿನ ಮೇಲೆ ಮಾಡಿದ ಕೆಲವು ಪ್ರಯೋಗಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ ಅನ್ನುದೂ ನಿಜ, ಅದನ್ನು ಮುಚ್ಚಿಟ್ಟು ನಿಮ್ಮನ್ನು ಹೆದರಿಸುದಿಲ್ಲ. ಆದ್ರೆ ಇನ್ನೊಂದು ಬದಿಯಿಂದ ನೋಡಿ, ಜಿನ್ಸೆಂಗಿಗೆ ಪ್ಲೇಟ್‌ಲೆಟ್‌ಗಳು (ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣಗಳು) ಒಂದಕ್ಕೊಂದು ಅಂಟದ ಹಾಗೆ ಮಾಡುವ ಗುಣವೂ ಉಂಟು, ಅದನ್ನು ಕೊರಿಯಾ ಸರ್ಕಾರವೇ ರೆಡ್ ಜಿನ್ಸೆಂಗಿನ ಲೇಬಲ್ಲಿನಲ್ಲಿ "ರಕ್ತದ ಹರಿವಿಗೆ ಸಹಾಯ" ಅಂತ ಹಾಕಲಿಕ್ಕೆ ಬಿಟ್ಟಿದೆ. ಅಂದ್ರೆ ಒಂದು ಕಡೆಯಿಂದ ವಾರ್ಫರಿನ್ ಮಂದ ಆಗಬಹುದು, ಇನ್ನೊಂದು ಕಡೆಯಿಂದ ರಕ್ತ ಸುಲಭಕ್ಕೆ ನಿಲ್ಲದೆ ಇರಬಹುದು, ಯಾವುದು ಆಗ್ತದೆ ಅಂತ ಮೊದಲೇ ಹೇಳ್ಲಿಕ್ಕೆ ಆಗುದಿಲ್ಲ. ನಿಮ್ಮ ಅಪ್ಪನ ಮೇಲೆ ಆ ಪರೀಕ್ಷೆ ಮಾಡಿ ನೋಡುದು ಬೇಡ.

ಷುಗರಿನದ್ದೂ ಒಂದು ಉಂಟು. ಜಿನ್ಸೆಂಗ್ ಸ್ವಲ್ಪ ಮಟ್ಟಿಗೆ ಷುಗರ್ ಇಳಿಸ್ತದೆ. ಮೆಟ್‌ಫಾರ್ಮಿನ್ ಒಂದೇ ಆಗಿದ್ರೆ ನಾನು ಅಷ್ಟು ತಲೆಕೆಡಿಸಿಕೊಳ್ತಿರ್ಲಿಲ್ಲ, ಆದ್ರೆ ಗ್ಲಿಮಿಪಿರೈಡ್ ಅನ್ನುದು ಊಟ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಷುಗರನ್ನು ತೀರಾ ಕೆಳಗೆ ಹಾಕುವ ಮಾತ್ರೆ. ವಯಸ್ಸಾದವರಿಗೆ ಷುಗರ್ ಲೋ ಆದ್ರೆ ಕೈ ನಡುಗಿ ಬೆವರ್ಲೇಬೇಕು ಅಂತಿಲ್ಲ, ಬರೀ ಮಂಕು ಹಿಡಿದ ಹಾಗೆ ಕೂತುಬಿಡ್ತಾರೆ, ಕೇಳಿದ್ದಕ್ಕೆ ಇನ್ನೇನೋ ಉತ್ತರ ಕೊಡ್ತಾರೆ, ಮನೆಯವರು ಅದನ್ನೇ ಮರೆವು ಅಂದ್ಕೊಳ್ತಾರೆ. ಅಪ್ಪ ಹಾಗೆ ಕೂತಿರುವ ಹೊತ್ತಲ್ಲೇ, ಊಟಕ್ಕೆ ಮೊದಲು ಹನ್ನೊಂದು ಹನ್ನೆರಡು ಗಂಟೆ ಹೊತ್ತಿಗೆ, ಮನೆಯ ಗ್ಲುಕೋಮೀಟರಲ್ಲಿ ಒಮ್ಮೆ ನೋಡಿ ಬರೆದಿಡಿ. 70ಕ್ಕಿಂತ ಕೆಳಗೆ ಬಂದ್ರೆ ಮೊದಲು ಸಿಹಿ ಏನಾದ್ರೂ ಕೊಟ್ಟು ಆಮೇಲೆ ಡಾಕ್ಟರಿಗೆ ಫೋನ್ ಮಾಡಿ.

ಈಗ ಆ ಜಾರಿನ ಒಳಗೆ ಎಂತ ಉಂಟು ಅಂತ ನೋಡುವ. ನಾನು ಇಂಥ ಜಾರು ಎಷ್ಟೋ ನೋಡಿದ್ದೇನೆ, ಗಲ್ಫಿಂದ ಬರುವವರ ಪೆಟ್ಟಿಗೆಯಲ್ಲಿ ಒಂದು ಇದ್ದೇ ಇರ್ತದೆ. ಮುಚ್ಚಳ ತೆಗೆದ್ರೆ ಜೋನಿಬೆಲ್ಲದ ಹಾಗೆ ಕಪ್ಪಗೆ ಅಂಟಂಟು, ಬಾಯಿಗೆ ಇಟ್ರೆ ಬೆಲ್ಲ ಎಂತದ್ದೂ ಇಲ್ಲ, ಮಣ್ಣಿನ ವಾಸನೆಯ ಕಹಿ. ಜೊತೆಗೆ ಒಂದು ಗ್ರಾಮಿನ ಸಣ್ಣ ಚಮಚ. ಗಿಡದ ಹೆಸರು ಪ್ಯಾನಾಕ್ಸ್ ಜಿನ್ಸೆಂಗ್, ಚಳಿ ಇರುವ ಗುಡ್ಡದ ನೆರಳಲ್ಲಿ ನಾಲ್ಕರಿಂದ ಆರು ವರ್ಷ ಬೆಳೆದ ಬೇರು. ಕಿತ್ತು ಹಾಗೇ ಒಣಗಿಸಿದ್ರೆ ವೈಟ್ ಜಿನ್ಸೆಂಗ್, ಆವಿಯಲ್ಲಿ ಬೇಯಿಸಿ ಒಣಗಿಸಿದ್ರೆ ರೆಡ್ ಜಿನ್ಸೆಂಗ್. (ನೆರಳು ನಮ್ಮ ಅಡಿಕೆ ತೋಟದಲ್ಲೂ ಉಂಟಲ್ವಾ ಅಂತ ಒಬ್ರು ಕೇಳಿದ್ರು. ಚಳಿಗಾಲದ ಗಟ್ಟಿ ಚಳಿ ಸಿಗದಿದ್ರೆ ಅದರ ಬೀಜ ಸರಿಯಾಗಿ ಮೊಳಕೆ ಬರುದೇ ಇಲ್ಲ, ಕಾಸರಗೋಡಲ್ಲಿ ಆ ಆಸೆ ಬೇಡ.) ಕೆಲಸ ಮಾಡುವ ಅಂಶಕ್ಕೆ ಜಿನ್ಸೆನೊಸೈಡ್ ಅಂತ ಹೆಸರು, ಒಳ್ಳೆ ಪ್ಯಾಕೆಟ್ ಆದ್ರೆ ಆರ್‌ಜಿ1, ಆರ್‌ಬಿ1, ಆರ್‌ಜಿ3 ಈ ಮೂರೂ ಸೇರಿ ಇಷ್ಟು ಮಿಲಿಗ್ರಾಂ ಅಂತ ಬರೆದಿರ್ತದೆ. ಅದು ಬರೆಯದೆ ಬರೀ ಬೇರಿನ ಚಿತ್ರ ಹಾಕಿದ ಡಬ್ಬಿಗೆ ದುಡ್ಡು ಕೊಡುದು ದಂಡ.

ಇಲಿಗಳ ಮೇಲೆ ನೋಡಿದ್ರೆ ಈ ಜಿನ್ಸೆನೊಸೈಡ್ ಮೆದುಳಲ್ಲಿ ಉರಿಯೂತ ಕಮ್ಮಿ ಮಾಡ್ತದೆ, ನೆನಪಿನ ಭಾಗದ ನರಕೋಶಗಳನ್ನು ಕಾಪಾಡ್ತದೆ, ಸ್ಟ್ರೆಸ್ ಹಾರ್ಮೋನನ್ನೂ ಹಿಡಿತಕ್ಕೆ ತರ್ತದೆ, ಕೇಳ್ಲಿಕ್ಕೆ ಭಾರೀ ಚಂದ. ಆದ್ರೆ ಮನುಷ್ಯ ತಿಂದಾಗ ಅದು ಹೊಟ್ಟೆಯಿಂದ ರಕ್ತಕ್ಕೆ ಸೇರುದೇ ಬಹಳ ಕಮ್ಮಿ, ಕರುಳಿನ ಬ್ಯಾಕ್ಟೀರಿಯಾ ಅದನ್ನು ಒಡೆದು ಬೇರೆ ರೂಪಕ್ಕೆ ತಂದ ಮೇಲೆ ಸ್ವಲ್ಪ ಒಳಗೆ ಹೋಗ್ತದೆ, ಆ ಬ್ಯಾಕ್ಟೀರಿಯಾ ಒಬ್ಬೊಬ್ಬರಲ್ಲಿ ಒಂದೊಂದು ಥರ. ಒಬ್ಬರಿಗೆ ಗುಣ ಕಂಡದ್ದು ಪಕ್ಕದ ಮನೆಯವರಿಗೆ ಏನೂ ಕಾಣದಿರ್ಲಿಕ್ಕೆ ಇದೂ ಒಂದು ಕಾರಣ ಇರಬಹುದು.

ಮನುಷ್ಯರ ಮೇಲಿನ ಪ್ರಯೋಗಗಳಿಗೆ ಬಂದ್ರೆ ಕಥೆ ಸಣ್ಣದಾಗ್ತದೆ. 2001ರಲ್ಲಿ ಇಂಗ್ಲೆಂಡಿನಲ್ಲಿ ಇಪ್ಪತ್ತು ಮಂದಿ ಯುವಕ ಯುವತಿಯರಿಗೆ 200, 400, 600 ಮಿಲಿಗ್ರಾಂ ಒಂದೊಂದು ಸಲ ಕೊಟ್ಟು ನೋಡಿದ್ರು. 400ಕ್ಕೆ ನೆನಪಿನ ಪರೀಕ್ಷೆಯಲ್ಲಿ ಸ್ವಲ್ಪ ಸುಧಾರಣೆ ಬಂತು, ಆದ್ರೆ 200ಕ್ಕೂ 600ಕ್ಕೂ ಗಮನದ ವೇಗ ಕಮ್ಮಿ ಆಯ್ತು. ಜಾಸ್ತಿ ತಿಂದ್ರೆ ಜಾಸ್ತಿ ಬುದ್ಧಿ ಅನ್ನುವ ಲೆಕ್ಕ ಇಲ್ಲಿ ಇಲ್ಲ. 2008ರಲ್ಲಿ ಕೊರಿಯಾದಲ್ಲಿ ಆಲ್‌ಝೈಮರ್ಸ್ ಇದ್ದವರಿಗೆ ದಿನಕ್ಕೆ 4.5 ಗ್ರಾಂ ಲೆಕ್ಕದಲ್ಲಿ ಹನ್ನೆರಡು ವಾರ ಕೊಟ್ರು, ಜಿನ್ಸೆಂಗ್ ತಗೊಂಡವರು 58 ಮಂದಿ, ತಗೊಳ್ಳದವರು 39. ತಗೊಂಡವರ ಮಾರ್ಕು ಏರಿತು, ನಿಲ್ಲಿಸಿದ ಮೇಲೆ ಪುನಃ ಇಳಿಯಿತು. ಒಳ್ಳೇದೇ, ಆದ್ರೆ ಆ ಪ್ರಯೋಗದಲ್ಲಿ ಯಾರಿಗೆ ಎಂತ ಕೊಡ್ತಾ ಇದ್ದಾರೆ ಅಂತ ಎಲ್ಲರಿಗೂ ಗೊತ್ತಿತ್ತು, ಹೋಲಿಸಿ ನೋಡ್ಲಿಕ್ಕೆ ಮದ್ದಿಲ್ಲದ ಡಮ್ಮಿ ಮಾತ್ರೆ ಇರ್ಲಿಲ್ಲ. ಅಂಥಾ ಕಡೆ ಉತ್ಸಾಹಕ್ಕೇ ಅರ್ಧ ಮಾರ್ಕು ಹೋಗ್ತದೆ. 2010ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟು ಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು ಸಿಕ್ಕಿದ ಪ್ರಯೋಗಗಳನ್ನೆಲ್ಲ ಜಾಲಾಡಿ ನೋಡಿ, ಆರೋಗ್ಯವಂತರ ಬುದ್ಧಿ ಹೆಚ್ಚಿಸ್ತದೆ ಅನ್ನಲಿಕ್ಕೆ ನಂಬುವಂಥ ಸಾಕ್ಷಿ ಇಲ್ಲ, ಡಿಮೆನ್ಶಿಯಾದವರಿಗೆ, ಅಂದ್ರೆ ಮರೆವಿನ ಕಾಯಿಲೆಯವರಿಗೆ, ಉಪಯೋಗ ಅನ್ನಲಿಕ್ಕೆ ಗಟ್ಟಿ ಗುಣಮಟ್ಟದ ಪುರಾವೆಯೇ ಇಲ್ಲ ಅಂತ ಬರೆದ್ರು. ನನ್ನ ಅಭಿಪ್ರಾಯವೂ ಅದೇ.

ಮೂಡಿನ ವಿಷಯದಲ್ಲಿ ಇನ್ನೂ ತೆಳು. 2001ರಲ್ಲಿ 83 ಮಂದಿ ಯುವಜನರಿಗೆ ಎಂಟು ವಾರ ದಿನಾ 200 ಅಥವಾ 400 ಮಿಲಿಗ್ರಾಂ ಕೊಟ್ಟಾಗ ಮನಸ್ಸಿನ ಸ್ಥಿತಿಯಲ್ಲಿ ಡಮ್ಮಿ ಮಾತ್ರೆಗಿಂತ ಏನೂ ವ್ಯತ್ಯಾಸ ಕಾಣಲಿಲ್ಲ. ಮುಟ್ಟು ನಿಂತ ಹೆಂಗಸರಲ್ಲಿ ಮಾಡಿದ ಒಂದು ದೊಡ್ಡ ಪ್ರಯೋಗದಲ್ಲಿ ಬೇಜಾರಿನ ಸ್ಕೋರು ಸ್ವಲ್ಪ ಇಳಿದದ್ದು ನಿಜ. ಖಿನ್ನತೆಗೆ ಮದ್ದು ಅಂತ ಇದನ್ನು ನಂಬಿ ಕೂರುವಷ್ಟು ಬಲ ಇದರಲ್ಲಿ ಇಲ್ಲ.

ಇನ್ನು ನಿಮ್ಮ ಪತ್ರದಲ್ಲಿ ನನಗೆ ಜಿನ್ಸೆಂಗಿಗಿಂತ ಜಾಸ್ತಿ ಕುತ್ತಿದ್ದು ಬೇರೆ. ಅಪ್ಪನಿಗೆ ಒಂದು ವರ್ಷದಿಂದ ಮರೆವು, ಅಷ್ಟರಲ್ಲಿ ಅವರನ್ನು ಮರೆವಿಗೆ ಅಂತ ಯಾರಾದ್ರೂ ಪರೀಕ್ಷೆ ಮಾಡಿದ್ದಾರಾ ಅಂತ ನೀವು ಬರೆದೇ ಇಲ್ಲ. ವಯಸ್ಸಾಯ್ತು ಅಂತ ಬಿಟ್ಟಿದ್ದೀರಿ ಅಂತ ಕಾಣ್ತದೆ, ಹೆಚ್ಚಿನ ಮನೆಗಳಲ್ಲಿ ಹಾಗೇ ಆಗುದು. ಮೊದಲು ಒಂದು ಪ್ರಶ್ನೆ, ಈ ಮಳೆಗಾಲದಲ್ಲೋ ಆಮೇಲೋ ತೋಟದಲ್ಲಿ, ಬಚ್ಚಲಲ್ಲಿ, ಅಂಗಳದ ಪಾಚಿಯಲ್ಲಿ ಜಾರಿ ಬಿದ್ದದ್ದು ಉಂಟಾ? ತಲೆ ಬಡಿದದ್ದು ಸಣ್ಣಕ್ಕೆ ಆಗಿದ್ರೂ ಸರಿ, ಗಾಯ ಇಲ್ಲದಿದ್ರೂ ಸರಿ. ವಾರ್ಫರಿನ್ ತಗೊಳ್ಳುವವರಿಗೆ ಅಂಥ ಪೆಟ್ಟಿನಿಂದ ತಲೆಬುರುಡೆಯ ಒಳಗೆ ಮೆದುಳಿನ ಮೇಲ್ಬದಿಯಲ್ಲಿ ನಿಧಾನಕ್ಕೆ ರಕ್ತ ಜಿನುಗಿ ಶೇಖರ ಆಗ್ತದೆ, ವಾರಗಳು ಕಳೆದ ಮೇಲೆ ಮಂಕು, ಮರೆವು, ನಡಿಗೆ ಸರಿ ಇಲ್ಲ ಅಂತ ಗೊತ್ತಾಗುದು. ಒಂದು ಸಿಟಿ ಸ್ಕ್ಯಾನಲ್ಲಿ ಕಾಣ್ತದೆ, ತೆಗೆದ್ರೆ ಮನುಷ್ಯ ಮೊದಲಿನ ಹಾಗೆ ಆಗುವುದೂ ಉಂಟು. ಬಿದ್ದದ್ದನ್ನು ಅಪ್ಪ ನಿಮಗೆ ಹೇಳದೆ ಮುಚ್ಚಿಟ್ಟಿರಬಹುದು, ಮಗಳು ತೋಟಕ್ಕೆ ಹೋಗುದಕ್ಕೆ ಬಿಡುದಿಲ್ಲ ಅಂತ. ಅಡಿಕೆ ಹೆಕ್ಕಲಿಕ್ಕೆ ಬರುವವರ ಹತ್ರ ಕೇಳಿ. ಬಿದ್ದದ್ದು ನಿಜ ಅಂತಾದ್ರೆ, ಇಲ್ಲಾ ಈಚೆಗೆ ತಲೆನೋವು, ವಾಂತಿ, ಒಂದು ಕೈಕಾಲಿಗೆ ಬಲ ಕಮ್ಮಿ, ಮಾತು ತೊದಲು ಏನಾದ್ರೂ ಕಂಡ್ರೆ ಅದೇ ದಿನ ಆಸ್ಪತ್ರೆ, ಮರುದಿನಕ್ಕೆ ಇಡ್ಬೇಡಿ.

ಆಮೇಲೆ ರಕ್ತಪರೀಕ್ಷೆ. ಮೆಟ್‌ಫಾರ್ಮಿನ್ ಎಷ್ಟೋ ವರ್ಷ ತಿಂದವರಿಗೆ ಬಿ12 ಕಮ್ಮಿ ಆಗುದು ಮಾಮೂಲು. ಮನೆಯಲ್ಲಿ ಮೀನು ಮಾಂಸ ತಿನ್ನದವರಾದ್ರೆ ಇನ್ನೂ ಜಾಸ್ತಿ. ಬಿ12 ಕಮ್ಮಿ ಆದ್ರೆ ಮರೆವೂ ಬರ್ತದೆ, ಮನಸ್ಸೂ ಬಾಡ್ತದೆ, ಕಾಲಿಗೆ ಜುಂ ಅನ್ನುದೂ ಉಂಟು, ಇಂಜೆಕ್ಷನ್ನಿಗೆ ಆ ಜಾರಿನ ಬೆಲೆಯ ಲೆಕ್ಕದಲ್ಲಿ ಚಿಲ್ಲರೆ ದುಡ್ಡು ಸಾಕು. ಅದರ ಜೊತೆಗೆ ಥೈರಾಯ್ಡ್, ಸೋಡಿಯಂ, ಕಿಡ್ನಿ, ಹಿಮೋಗ್ಲೋಬಿನ್ ನೋಡಿಸಿ. ನಿದ್ದೆಯ ಮಾತ್ರೆ ಯಾವುದು ಅಂತ ನೀವು ಹೆಸರು ಹಾಕಲಿಲ್ಲ. ಆಲ್ಪ್ರಜೋಲಾಂ, ಕ್ಲೋನಜೆಪಾಂ ಜಾತಿಯದ್ದಾದ್ರೆ ಅದೇ ವಯಸ್ಸಾದವರ ನೆನಪನ್ನು ತಿಂದುಹಾಕ್ತದೆ, ಆದ್ರೆ ಒಮ್ಮೆಲೇ ನಿಲ್ಲಿಸ್ಲಿಕ್ಕೆ ಹೋಗ್ಬೇಡಿ, ಡಾಕ್ಟರು ಸ್ವಲ್ಪ ಸ್ವಲ್ಪ ಇಳಿಸ್ತಾರೆ. ಶೀತ, ತುರಿಕೆಗೆ ಅಂತ ಮದ್ದಿನಂಗಡಿಯಿಂದ ತಂದು ದಿನಾ ತಿನ್ನುವ ನಿದ್ದೆ ಬರುವ ಮಾತ್ರೆಗಳೂ ಹಾಗೇ. ಮತ್ತೆ ಕಿವಿ. ಕೇಳಿಸದ ಮನುಷ್ಯನನ್ನು ಮರೆತವ ಅಂತ ಅಂದ್ಕೊಳ್ಳುದು ಸುಲಭ, ಗುಗ್ಗೆ ತೆಗೆಸಿ ಕಿವಿ ಟೆಸ್ಟ್ ಮಾಡಿಸಿ. 2024ರ ಲ್ಯಾನ್ಸೆಟ್ ಆಯೋಗದ ವರದಿ ಪ್ರಕಾರ ಡಿಮೆನ್ಶಿಯಾದ ಸುಮಾರು ಶೇಕಡಾ 45ರಷ್ಟನ್ನು ತಡೀಲಿಕ್ಕೆ ಅಥವಾ ಮುಂದೂಡ್ಲಿಕ್ಕೆ ಸಾಧ್ಯ. ಅವರು ಲೆಕ್ಕ ಮಾಡಿದ ಹದಿನಾಲ್ಕು ಕಾರಣಗಳಲ್ಲಿ ಕಿವಿ ಕೇಳದಿರುದು, ಷುಗರ್, ಬಿಪಿ, ಖಿನ್ನತೆ, ಒಂಟಿತನ, ಕಣ್ಣು ಮಂಜಾಗುದು ಎಲ್ಲ ಉಂಟು.

ಖಿನ್ನತೆ ಅಂದದ್ದಕ್ಕೆ ಇನ್ನೊಂದು ಮಾತು. ನಮ್ಮ ಕಡೆಯ ಆ ಪ್ರಾಯದ ಗಂಡಸರು ನನಗೆ ಬೇಜಾರು ಅಂತ ಹೇಳುದು ಉಂಟಾ? ಇಲ್ಲ. ಹಸಿವಿಲ್ಲ, ಸೊಂಟ ನೋವು, ಎಂತಕ್ಕೂ ಮನಸ್ಸಿಲ್ಲ, ತೋಟ ಯಾರು ನೋಡಿದ್ರೆ ಎಂತ ಅಂತ ಹೇಳ್ತಾರೆ. ಅಮ್ಮ ತೀರಿಹೋಗಿದ್ದಾ, ಮಹಾಳಿಯಲ್ಲಿ (ಅಡಿಕೆಯ ಕೊಳೆರೋಗ) ಫಸಲು ಉದುರಿ ಸಾಲ ಆದದ್ದಾ, ಮಗ ದೂರ ಆದದ್ದಾ, ಅದು ನಿಮಗೇ ಗೊತ್ತು. ಖಿನ್ನತೆಯಿಂದಲೂ ಮರೆವು ಬರ್ತದೆ, ಹಾಗೆ ಬಂದದ್ದರಲ್ಲಿ ಸಾಮಾನ್ಯವಾಗಿ ಆ ಮನುಷ್ಯನೇ ನನಗೆ ಮರೆತುಹೋಗ್ತದೆ ಅಂತ ದೂರು ಹೇಳ್ತಾನೆ. ಡಿಮೆನ್ಶಿಯಾದಲ್ಲಿ ಅವರಿಗೆ ಗೊತ್ತೇ ಆಗುದಿಲ್ಲ, ಮನೆಯವರು ಕರ್ಕೊಂಡು ಬರ್ತಾರೆ. ಮೇಲಿಂದ ಹಾಗೆ ಕಂಡ್ರೂ ಎರಡೂ ಒಟ್ಟಿಗೆ ಇರುವುದೂ ಉಂಟು, ಅದನ್ನು ಬಿಡಿಸುದು ನಿಮ್ಮ ಕೆಲಸ ಅಲ್ಲ. "ಬದುಕಿ ಎಂತ ಪ್ರಯೋಜನ" ಅನ್ನುವ ಥರ ಮಾತು ಬಂದಿದ್ರೆ ಮಾತ್ರ ಕಾಯ್ಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ಕನ್ನಡದಲ್ಲಿ ಮಾತಾಡ್ತಾರೆ.

ಭಾಷೆಯದ್ದು ಇಲ್ಲಿ ಸಣ್ಣ ವಿಷಯ ಅಲ್ಲ. ನೆನಪಿನ ಪರೀಕ್ಷೆಯಲ್ಲಿ ತಾರೀಕು ಕೇಳ್ತಾರೆ, ಮೂರು ಶಬ್ದ ಹೇಳಿ ಐದು ನಿಮಿಷ ಬಿಟ್ಟು ಪುನಃ ಹೇಳಿಸ್ತಾರೆ, ಕಾಗದದಲ್ಲಿ ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅನ್ನುತ್ತಾರೆ. ಜೀವಮಾನವಿಡೀ ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು ಮಾತಾಡಿದ 71ರ ಮನುಷ್ಯನಿಗೆ ಇದನ್ನು ಗಡಿಬಿಡಿಯಲ್ಲಿ ಮಲಯಾಳದಲ್ಲಿ ಕೇಳಿದ್ರೆ ಮಾರ್ಕು ಬೀಳುದು ನೆನಪಿಗೆ ಅಲ್ಲ, ಭಾಷೆಗೆ. ಕೇಳಿಸಿಕೊಂಡದ್ದು ಅರ್ಥ ಆಗದೆ ಮುಜುಗರಕ್ಕೆ ಸುಮ್ಮನೆ ತಲೆ ಆಡಿಸಿ ಬಂದವರನ್ನು ನಾನು ನೋಡಿದ್ದೇನೆ. ಅದೇ ಮನುಷ್ಯನಿಗೆ ತುಳುವಿನಲ್ಲಿ ಕೇಳಿದ್ರೆ ಯಾವ ಗದ್ದೆಗೆ ಯಾವ ವರ್ಷ ಅಡಿಕೆ ಸಸಿ ಹಾಕಿದ್ದು ಅಂತ ಸಾಲಾಗಿ ಹೇಳಿದ್ರು. ಐಸಿಎಂಆರ್‌ನವರು (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) ಮಾಡಿಸಿದ ಪರೀಕ್ಷೆಯ ಕಿಟ್ ಕನ್ನಡದಲ್ಲೂ ಉಂಟು, ಮಂಗಳೂರಲ್ಲಿ ತೋರಿಸಿದ್ರೂ ಕಾಸರಗೋಡಲ್ಲಿ ತೋರಿಸಿದ್ರೂ "ಅವರ ಭಾಷೆಯಲ್ಲಿ ಕೇಳಿ" ಅಂತ ನೀವು ಗಟ್ಟಿಯಾಗಿ ಹೇಳ್ಬೇಕು. ಕನ್ನಡಕ, ಇದ್ರೆ ಕಿವಿಯ ಮೆಷಿನ್ನೂ ಹಾಕಿಸ್ಕೊಂಡು ಹೋಗಿ.

ಅತ್ತಿಗೆಯವರ ಅಶ್ವಗಂಧಕ್ಕೆ ಬರ್ತೇನೆ. ಮಲಯಾಳದಲ್ಲಿ ಅಮುಕ್ಕುರಂ ಅಂತ ಕೇಳಿದ್ರೆ ಆಯುರ್ವೇದ ಅಂಗಡಿಯವರು ಕೊಡುದು ಅದನ್ನೇ. ಇಂಡಿಯನ್ ಜಿನ್ಸೆಂಗ್ ಅನ್ನುದು ವ್ಯಾಪಾರದವರ ಹೆಸರು, ಗಿಡಕ್ಕೂ ಗಿಡಕ್ಕೂ ನೆಂಟಸ್ತಿಕೆ ಇಲ್ಲ. ಅಶ್ವಗಂಧ ಬದನೆ ಟೊಮೆಟೊ ಕುಟುಂಬದ್ದು, ಒಳಗಿರುವ ಅಂಶಗಳೂ ಬೇರೆ. ಸ್ಟ್ರೆಸ್ಸಿಗೆ, ನಿದ್ದೆಗೆ ಅದರ ಮೇಲೆ ಸಣ್ಣ ಸಣ್ಣ ಪ್ರಯೋಗಗಳಲ್ಲಿ ಒಳ್ಳೆ ಫಲಿತಾಂಶ ಬಂದದ್ದು ಉಂಟು. ನನಗೆ ಜಿನ್ಸೆಂಗಿಗಿಂತ ಅದರ ಮೇಲೆ ಸ್ವಲ್ಪ ಜಾಸ್ತಿ ನಂಬಿಕೆ, ಮುಚ್ಚಿಡುದಿಲ್ಲ. ಆದ್ರೆ ಅದೂ ಷುಗರ್ ಇಳಿಸಬಹುದು, ಥೈರಾಯ್ಡ್ ಹಾರ್ಮೋನ್ ಏರಿಸಬಹುದು, ಮಂಪರು ಬರಿಸ್ತದೆ, ಕೆಲವರಿಗೆ ಲಿವರ್ ಊದಿ ಕಾಮಾಲೆ ಬಂದ ಕೇಸುಗಳೂ ದಾಖಲಾಗಿವೆ. ಥೈರಾಯ್ಡ್ ಜಾಸ್ತಿ ಆದ್ರೆ ಎದೆಬಡಿತ ಏರುಪೇರು ಹೆಚ್ಚಾಗ್ತದೆ, ಅಪ್ಪನಿಗೆ ಇರುವ ತೊಂದರೆಯೇ ಅದು. ಹಾಗಾಗಿ ಒಂದು ಜಾರು ತೆಗೆದು ಇನ್ನೊಂದು ಚೂರ್ಣ ಇಡುದು ಬೇಡ. ತಿಮರೆ ತಂಬುಳಿ, ಅದೇ ಒಂದೆಲಗದ್ದು, ಊಟಕ್ಕೆ ಮಾಡುವ ಹಾಗೆ ಮಾಡಿ ಧಾರಾಳ ಬಡಿಸಿ, ಅದು ಅಡಿಗೆಯ ಲೆಕ್ಕ, ಅದನ್ನೇ ಕ್ಯಾಪ್ಸೂಲ್ ಮಾಡಿ ಕೊಡುದು ಬೇರೆ ಲೆಕ್ಕ. ಒಂದು ಮಾತ್ರ, ಸೊಪ್ಪು ತರಕಾರಿ ಒಂದು ದಿನ ರಾಶಿ ಒಂದು ದಿನ ಇಲ್ಲ ಅಂತ ಮಾಡ್ಬೇಡಿ, ವಾರ್ಫರಿನ್ನಿಗೆ ದಿನಾ ಒಂದೇ ಅಳತೆ ಬೇಕು.

ಈಗ ನೀವು. ಪ್ರಾಯ 36, ಬೇರೆ ಮದ್ದಿಲ್ಲ, ಬಿಪಿ ಸರಿ ಇದ್ರೆ, ಬಸುರಿ ಅಲ್ಲ, ಮಗುವಿಗೆ ಹಾಲು ಕೊಡುದಿಲ್ಲ, ಮಗುವಿಗೆ ಪ್ರಯತ್ನವೂ ಮಾಡ್ತಾ ಇಲ್ಲ ಅಂತಾದ್ರೆ ತಗೊಂಡು ನೋಡ್ಲಿಕ್ಕೆ ನಾನು ಅಡ್ಡಿ ಮಾಡುದಿಲ್ಲ, ನಿರೀಕ್ಷೆ ಮಾತ್ರ ಸಣ್ಣದಿರಲಿ. ಸ್ತನದಲ್ಲಿ ಗಂಟು, ಗರ್ಭಕೋಶದ ಫೈಬ್ರಾಯ್ಡ್, ಮುಟ್ಟು ತುಂಬ ಹೋಗುದು ಇದ್ರೆ ಮೊದಲು ಕೇಳಿ ಆಮೇಲೆ ತಗೊಳ್ಳಿ, ಕೆಲವರಲ್ಲಿ ಅದು ಹೆಣ್ಣು ಹಾರ್ಮೋನಿನ ಹಾಗೆ ವರ್ತಿಸಿದ್ದು ಉಂಟು. ಜಾರಿನದ್ದಾದ್ರೆ ಒಂದೇ ಚಮಚ, ಬೆಳಿಗ್ಗೆ ತಿಂಡಿ ಆದ ಮೇಲೆ. ಮಧ್ಯಾಹ್ನ ಕಳೆದು ತಗೊಂಡ್ರೆ ನಿದ್ದೆ ಕೆಡ್ತದೆ. ಬ್ಯಾಂಕಲ್ಲಿ ಕುಡಿಯುವ ಕಾಫಿ ಎರಡಕ್ಕಿಂತ ಜಾಸ್ತಿ ಆದ್ರೆ ಎದೆ ಢವಢವ, ತಲೆನೋವು, ಸಿಡಿಮಿಡಿ ಎಲ್ಲ ಕಾಣಿಸಿಕೊಳ್ತದೆ. ಉಷ್ಣ ಆಯ್ತು ಅಂತ ನಮ್ಮಲ್ಲಿ ಹೇಳ್ತಾರಲ್ಲ, ತಮಾಷೆ ಅಂದ್ರೆ ಕೊರಿಯಾ ಚೀನಾದವರೂ ರೆಡ್ ಜಿನ್ಸೆಂಗ್ ಉಷ್ಣ, ಅಮೆರಿಕನ್ ಜಿನ್ಸೆಂಗ್ ತಂಪು ಅಂತಲೇ ಹೇಳುದು. ಮೂರು ತಿಂಗಳಿಗಿಂತ ಜಾಸ್ತಿ ಎಳೀಬೇಡಿ. ಆಪರೇಷನ್ ಏನಾದ್ರೂ ಇದ್ರೆ ಏಳು ದಿನ ಮೊದಲೇ ಬಿಡಿ. ಮನಸ್ಸಿನ ಮಾತ್ರೆ ಮುಂದೆ ಯಾವಾಗಾದ್ರೂ ಶುರು ಆದ್ರೆ ಆ ಡಾಕ್ಟರಿಗೆ ಇದನ್ನು ಹೇಳದೆ ಇರ್ಬೇಡಿ, ಫಿನೆಲ್ಜಿನ್ ಅನ್ನುವ ಹಳೇ ಮಾತ್ರೆಯ ಜೊತೆ ಜಿನ್ಸೆಂಗ್ ತಗೊಂಡು ನಿದ್ದೆ ಬಿಟ್ಟು ವಿಪರೀತ ಉದ್ರೇಕಕ್ಕೆ ಹೋದವರ ವರದಿಗಳು 1980ರ ದಶಕದಲ್ಲೇ ಬಂದಿವೆ.

ಆದ್ರೆ ನಿಮ್ಮದೂ ಬೇಜಾರು ಎರಡು ವಾರ ದಾಟಿ ಹೆಚ್ಚಿನ ದಿನಗಳಲ್ಲಿ ಇದ್ರೆ, ಮೊದಲು ಇಷ್ಟ ಇದ್ದದ್ದು ಈಗ ಬೇಡ ಅನ್ನಿಸ್ತಾ ಇದ್ರೆ, ಅದು ಚಮಚದಲ್ಲಿ ಮುಗಿಯುವ ವಿಷಯ ಅಲ್ಲ. ಹಿಮೋಗ್ಲೋಬಿನ್ ಮತ್ತೆ ಥೈರಾಯ್ಡ್ ನಿಮ್ಮದೂ ನೋಡಿಸಿ, ಅಪ್ಪನ ರಕ್ತ ಕೊಡ್ಲಿಕ್ಕೆ ಹೋದಾಗ ಒಟ್ಟಿಗೇ ಆಗ್ತದೆ. ಹಗಲು ಬ್ಯಾಂಕು, ರಾತ್ರಿ ಅಪ್ಪ ಎದ್ದು ಓಡಾಡಿದ್ರೆ ನೀವೂ ಎದ್ದು ನೋಡುದು, ಹಾಗಾದ್ರೆ ತಲೆ ಓಡದೆ ಇರುದರಲ್ಲಿ ಆಶ್ಚರ್ಯ ಎಂತ. ಶಾರ್ಜಾದ ಅಣ್ಣನಿಗೆ ಜಾರು ಬೇಡ, ರಾತ್ರಿಗೆ ಒಬ್ಬ ಆಳಿನ ಸಂಬಳ ಕಳಿಸು ಅಂತ ಹೇಳಿ ಮಾರ್ರೆ.

ಚಹಾದ ಪ್ಯಾಕೆಟ್ಟು ಅಪ್ಪನಿಗೆ ಬೇಡ, ಅದರಲ್ಲಿ ಹೆಚ್ಚಿನವು ಸಕ್ಕರೆಗೆ ನಾಲ್ಕು ಕಾಳು ಜಿನ್ಸೆಂಗ್ ಸೇರಿಸಿದ್ದು, ಅವರಿಗೆ ಎರಡೂ ಬೇಡ. ನೀವು ಬಂದ ನೆಂಟರಿಗೆ ಕೊಟ್ಟು ಖಾಲಿ ಮಾಡ್ಬಹುದು, ಅವರ ಹತ್ರ ರಕ್ತ ತೆಳು ಮಾಡುವ ಮಾತ್ರೆ ಉಂಟಾ, ಷುಗರ್ ಉಂಟಾ ಅಂತ ಕೇಳಿಕೊಂಡು.